ಸೀಗಡಿ ಕೊನೆಗೆ: ಅರ್ಧ ಗಂಟೆಯ ಫಹೀಟಾಕ್ಕೆ ಕೆಲವು ಸೂತ್ರಗಳು

ಸುಲಿದ ಸೀಗಡಿ ಬೇಯುವುದಕ್ಕೆ ಮೂರು ನಿಮಿಷ ಸಾಕು. ನಾಲ್ಕನೆಯ ನಿಮಿಷಕ್ಕೆ ಬಿಗಿಯತೊಡಗುತ್ತದೆ, ಐದಾರು ದಾಟಿತೋ, ರಬ್ಬರು. ಹಾಗಾಗಿ ಈ ಅಡುಗೆಯ ಮುಕ್ಕಾಲು ಪಾಲು ಒಲೆ ಹಚ್ಚುವ ಮೊದಲೇ ಮುಗಿದಿರಬೇಕು. ಏಳು ಗಂಟೆಗೆ ಆಫೀಸಿನಿಂದ ಬಂದವರು ಎಂಟರೊಳಗೆ ಊಟಕ್ಕೆ ಕೂರಬೇಕೆಂದರೆ ಕೈಚಳಕಕ್ಕಿಂತ ಕೆಲಸದ ಕ್ರಮ ಮುಖ್ಯ.

ಫಹೀಟಾ ಟೆಕ್ಸಸ್ಸಿನ ತಿಂಡಿ. ರಿಯೋ ಗ್ರಾಂಡೆ ನದಿಯ ಸೀಮೆಯಲ್ಲಿ ದನದ ದೊಡ್ಡಿಗಳಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಮೂಲದ ಕೆಲಸಗಾರರಿಗೆ ಯಾರಿಗೂ ಬೇಡವಾದ ಗಡಸು ಮಾಂಸದ ಪಟ್ಟಿಗಳು ಕೂಲಿಯ ಭಾಗವಾಗಿ ಸಿಗುತ್ತಿದ್ದವು. ಅವನ್ನು ಕೆಂಡದ ಮೇಲೆ ಸುಟ್ಟು, ಸೀಳಿ, ಟೋರ್ಟಿಯಾ ಎಂಬ ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಿದ್ದರು. 1969ರಲ್ಲಿ ಸನ್ನಿ ಫಾಲ್ಕನ್ ಎಂಬವರು ಆಸ್ಟಿನ್ ಬಳಿಯ ಕೈಲ್ ಊರಿನ ಹಬ್ಬದಲ್ಲಿ ಅಂಗಡಿ ಹಾಕಿ ಇದನ್ನು ಮಾರಿದರು. 1973ರಲ್ಲಿ ನಿನ್ಫಾ ಲಾರೆನ್ಸೊ ಹ್ಯೂಸ್ಟನ್ನಿನಲ್ಲಿ ತೆರೆದ ಹೋಟೆಲು ಪಟ್ಟಣದವರಿಗೂ ಇದರ ರುಚಿ ಹತ್ತಿಸಿತು. ಕೋಳಿ, ಸೀಗಡಿ ಎಲ್ಲ ಆಮೇಲೆ ಬಂದವು. ಹೋಟೆಲಿನಲ್ಲಿ ಚುರ್‌ಗುಟ್ಟುತ್ತ, ಹೊಗೆ ಕಾರುತ್ತ ಮೇಜಿಗೆ ಬರುವ ತಟ್ಟೆ ಬರೀ ನಾಟಕ. ಅದಿಲ್ಲದೆಯೂ ಮನೆಯಲ್ಲಿ ಹೋಟೆಲಿಗಿಂತ ಒಳ್ಳೆಯ ಸೀಗಡಿ ತಿನ್ನಬಹುದು, ಏಕೆಂದರೆ ಆ ಕಾದ ತಟ್ಟೆಯ ಮೇಲೆ ಸೀಗಡಿ ನಿಮ್ಮ ಕಣ್ಣೆದುರೇ ಇನ್ನಷ್ಟು ಬೇಯುತ್ತಿರುತ್ತದೆ.

ಕೆಳಗಿನ ಅಳತೆಯೆಲ್ಲ ನಾಲ್ಕು ಜನಕ್ಕೆ, ಸುಲಿದ ಅರ್ಧ ಕಿಲೋ ಸೀಗಡಿಗೆ.

1. ಎಣಿಕೆ ನೋಡಿ ಕೊಳ್ಳಿ

ಜಂಬೋ, ಲಾರ್ಜ್ ಎಂಬ ಹೆಸರುಗಳನ್ನು ನಂಬಬೇಡಿ. ಅಮೆರಿಕದ ಪೊಟ್ಟಣಗಳ ಮೇಲೆ 21/25 ಎಂದಿದ್ದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಅಷ್ಟು ಸೀಗಡಿ ಎಂದು ಅರ್ಥ. ಫಹೀಟಾಕ್ಕೆ ಈ ಗಾತ್ರ ಸರಿ. 31/40 ಆದರೂ ನಡೆದೀತು. ಅದಕ್ಕಿಂತ ಸಣ್ಣದು ಕಾವಲಿಗೆ ಬಿದ್ದ ಕೂಡಲೇ ಬೆಂದುಬಿಡುತ್ತದೆ, ಹೊರಮೈ ಕೆಂಪಾಗುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಮಂಗಳೂರಲ್ಲೋ ಬೆಂಗಳೂರಲ್ಲೋ ಮಾರುಕಟ್ಟೆಗೆ ಹೋಗಿ ತಲೆಸಮೇತ ಕೊಳ್ಳುವವರು ಒಂದು ಕಿಲೋ ತನ್ನಿ. ತಲೆ, ಸಿಪ್ಪೆ ಹೋಗಿ ಅರ್ಧ ಕಿಲೋದ ಆಸುಪಾಸು ಉಳಿಯುತ್ತದೆ. ಆ ತಲೆ-ಸಿಪ್ಪೆ ಎಸೆಯಬೇಡಿ. ಫ್ರೀಜರಿನಲ್ಲಿಟ್ಟರೆ ಭಾನುವಾರದ ಸಾರಿಗೆ ಒದಗುತ್ತದೆ.

2. ಫ್ರೀಜರಿನದ್ದೆಂದು ಮೂಗು ಮುರಿಯಬೇಡಿ

ಅಂಗಡಿಯಲ್ಲಿ ಐಸಿನ ಮೇಲೆ ಹರಡಿಟ್ಟ ‘ತಾಜಾ’ ಸೀಗಡಿ ಎಷ್ಟೋ ಸಲ ಫ್ರೀಜರಿನಿಂದ ಇಳಿಸಿ ಕರಗಿಸಿದ್ದೇ ಆಗಿರುತ್ತದೆ. ಅದಕ್ಕಿಂತ ನೀವೇ ಮನೆಯಲ್ಲಿ ಕರಗಿಸಿಕೊಳ್ಳುವುದು ಲೇಸು. ನಮ್ಮ ಕರಾವಳಿಯಲ್ಲಂತೂ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಫ್ರೀಜರೇ ಗತಿ, ಇಲ್ಲವೇ ಕೆರೆಯಲ್ಲಿ ಸಾಕಿದ್ದು.

ಸಾಕಿದ ಸೀಗಡಿಯ ಕಥೆ ಸ್ವಾರಸ್ಯವಾಗಿದೆ. ಮೆಕ್ಸಿಕೋದಿಂದ ಪೆರುವಿನವರೆಗಿನ ಪೆಸಿಫಿಕ್ ಕರಾವಳಿಯ ವನ್ನಾಮಿ ತಳಿಯನ್ನು ನಮ್ಮಲ್ಲಿ ಸಾಕಲು 2009ರಲ್ಲಿ ಅನುಮತಿ ಸಿಕ್ಕಿತು. ಆಮೇಲೆ ಆಂಧ್ರದ ಕರಾವಳಿಯ ಕೆರೆಗಳು ಅದರಿಂದ ತುಂಬಿಹೋದವು. ಅಲ್ಲಿ ಬೆಳೆದದ್ದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹಡಗೇರಿದೆ. ಡಲ್ಲಾಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಇರುವ ಕನ್ನಡಿಗರು ತಮ್ಮ ಫ್ರೀಜರಿನ ಪೊಟ್ಟಣವನ್ನು ತಿರುಗಿಸಿ ನೋಡಲಿ. ಭಾರತದ ಹೆಸರು ಕಂಡರೆ ಆಶ್ಚರ್ಯವಿಲ್ಲ.

ತಿರುಗಿಸಿದ್ದೇ ಆದರೆ ಇನ್ನೊಂದನ್ನೂ ಓದಿ. ಪದಾರ್ಥಗಳ ಸಾಲಿನಲ್ಲಿ ಸೀಗಡಿ, ಹೆಚ್ಚೆಂದರೆ ಉಪ್ಪು, ಇಷ್ಟೇ ಇರಬೇಕು. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂದಿದ್ದರೆ ಸೀಗಡಿ ನೀರು ಹಿಡಿದುಕೊಂಡಿದೆ ಎಂದು ತಿಳಿಯಿರಿ. ತೂಕಕ್ಕೆ ಆ ನೀರಿನ ದುಡ್ಡನ್ನೂ ಕೊಡುತ್ತೀರಿ, ಬಾಣಲೆಯಲ್ಲಿ ಅದೇ ನೀರು ಬಿಟ್ಟುಕೊಂಡು ಸೀಗಡಿ ಹುರಿಯುವ ಬದಲು ಕುದಿಯುತ್ತದೆ. ಮೊದಲೇ ಬೇಯಿಸಿ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಮುಟ್ಟಲೇಬೇಡಿ. ಅದಕ್ಕೆ ಎರಡನೆಯ ಬೆಂಕಿ ದಂಡ.

3. ತಣ್ಣೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಒರೆಸಿ

ಬೆಳಿಗ್ಗೆ ನೆನಪಾದರೆ ಫ್ರೀಜರಿನಿಂದ ಕೆಳಗಿನ ಖಾನೆಗೆ ಇಳಿಸಿ. ಮರೆತಿದ್ದರೂ ಚಿಂತೆಯಿಲ್ಲ, ತಣ್ಣೀರಿನ ಬೋಗುಣಿಯಲ್ಲಿ 15-20 ನಿಮಿಷ ಸಾಕು. ಬಿಸಿನೀರು, ಮೈಕ್ರೋವೇವ್ ಎರಡೂ ಬೇಡ. ಅಂಚು ಬೆಂದು ನಡು ಗಡ್ಡೆಯಾಗಿಯೇ ಇರುತ್ತದೆ. ಬೆನ್ನು ಸೀಳಿ ಕಪ್ಪು ಕರುಳನ್ನು ತೆಗೆಯಿರಿ. ಆಮೇಲೆ ಒಣಬಟ್ಟೆಯಲ್ಲೋ ಪೇಪರ್ ಟವೆಲಿನಲ್ಲೋ ಒರೆಸಿ. ಒರೆಸಿದ ಮೇಲೆ ಇನ್ನೊಮ್ಮೆ ಒರೆಸಿ.

4. ಉಪ್ಪಿನ ಜೊತೆ ಕಾಲು ಚಮಚ ಸೋಡಾ

ಅರ್ಧ ಕಿಲೋಗೆ ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ಉದುರಿಸಿ, ಕೈಯಾಡಿಸಿ, ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಸೋಡಾ ಕ್ಷಾರ. ಅದು ತಾಗಿದ ಮಾಂಸದ ನಾರು ಬೆಂಕಿಗೆ ಅಷ್ಟೊಂದು ಬಿಗಿಯುವುದಿಲ್ಲ, ಒಳಗಿನ ರಸವೂ ಉಳಿಯುತ್ತದೆ. ಕಚ್ಚಿದರೆ ಗರಿಮುರಿ ಎನ್ನುವಂತೆ ಇರುತ್ತದೆ. ಅರ್ಧ ನಿಮಿಷ ಹೆಚ್ಚು ಬೇಯಿಸಿದರೂ ಈ ಕಾಲು ಚಮಚ ನಿಮ್ಮನ್ನು ಕಾಪಾಡುತ್ತದೆ. ಆದರೆ ಕೈ ತಪ್ಪಿ ಜಾಸ್ತಿ ಬಿದ್ದರೆ ಸಾಬೂನಿನ ರುಚಿ ಗ್ಯಾರಂಟಿ. ಅಳೆದೇ ಹಾಕಿ. ಈ ಕಾಲು ಗಂಟೆಯಲ್ಲಿ ತರಕಾರಿ ಹೆಚ್ಚಬೇಕು, ಸಾಲ್ಸಾ ಕಲಸಬೇಕು, ಮಸಾಲೆ ಬೆರೆಸಬೇಕು. ಮೊಬೈಲು ನೋಡುವುದಕ್ಕಲ್ಲ.

5. ನಿಂಬೆಹಣ್ಣನ್ನು ದೂರವಿಡಿ

ಮಸಾಲೆಗೆ ನಿಂಬೆರಸ ಹಿಂಡಿ ಸೀಗಡಿಯನ್ನು ನೆನೆಸಿಡಿ ಎಂದು ಎಷ್ಟೋ ಪಾಕವಿಧಾನಗಳು ಹೇಳುತ್ತವೆ. ಕೇಳಬೇಡಿ. ಹುಳಿಯೇ ಸೀಗಡಿಯನ್ನು ಬಿಳಿಚಿಸಿ ಗಟ್ಟಿ ಮಾಡುತ್ತದೆ. ಪೆರು, ಮೆಕ್ಸಿಕೋಗಳಲ್ಲಿ ಒಲೆಯೇ ಇಲ್ಲದೆ ಸೆವಿಚೆ ಮಾಡುವುದು ಹೀಗೆಯೇ. ಒಮ್ಮೆ ಹುಳಿಯಲ್ಲಿ, ಮತ್ತೊಮ್ಮೆ ಬೆಂಕಿಯಲ್ಲಿ ಬೇಯಿಸಿದರೆ ಎರಡು ಸಲ ಬೇಯಿಸಿದಂತೆ. ಸೋಡಾ ಮಾಡಿದ ಉಪಕಾರವೂ ನಿಂಬೆಯಿಂದ ನೀರುಪಾಲು. ಇಡೀ ಹಣ್ಣು ಬೇಕೇ ಬೇಕು, ಆದರೆ ಒಲೆ ಆರಿಸಿದ ಮೇಲೆ.

6. ಮಸಾಲೆ ಮನೆಯಲ್ಲೇ ಇದೆ

ಅಮೆರಿಕನ್ ಪಾಕವಿಧಾನದಲ್ಲಿ ಒಂದು ಚಮಚ ಚಿಲಿ ಪೌಡರ್ ಎಂದಿದ್ದರೆ ನಮ್ಮ ಅಚ್ಚಖಾರದ ಪುಡಿಯನ್ನು ಅಷ್ಟೇ ಸುರಿಯಬೇಡಿ. ಅವರದ್ದು ಸೌಮ್ಯವಾದ ಒಣಮೆಣಸು, ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಸೇರಿದ ಮಿಶ್ರಣ. ನಮ್ಮಲ್ಲಿ ಬಣ್ಣಕ್ಕೆ ಬ್ಯಾಡಗಿ ಇದೆಯಲ್ಲ, ಅದಕ್ಕಿಂತ ಬೇಕೇನು? ಒಂದೂವರೆ ಟೀ ಚಮಚ ಬ್ಯಾಡಗಿ ಪುಡಿ, ಒಂದು ಚಮಚ ಹುರಿದು ಪುಡಿ ಮಾಡಿದ ಜೀರಿಗೆ, ಅರ್ಧ ಚಮಚ ಓರೆಗಾನೊ, ಕಾಲು ಚಮಚ ಕಾಳುಮೆಣಸು, ಚಿಟಿಕೆ ಸಕ್ಕರೆ. ಪಿಜ್ಜಾ ಜೊತೆ ಬಂದು ಡ್ರಾಯರಿನಲ್ಲಿ ಬಿದ್ದಿರುವ ಓರೆಗಾನೊ ಪೊಟ್ಟಣಗಳಿಗೆ ಕೊನೆಗೂ ಮೋಕ್ಷ. ಹೊಗೆಯಾಡಿಸಿದ ಪ್ಯಾಪ್ರಿಕಾ ಇದ್ದರೆ ಅರ್ಧ ಚಮಚ ಸೇರಿಸಿ, ಕೆಂಡದ ವಾಸನೆ ಬರುತ್ತದೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಎಲ್ಲವನ್ನೂ ಕಲಸಿ ಸೀಗಡಿಗೆ ಸವರಿ.

ಜಜ್ಜಿದ ಬೆಳ್ಳುಳ್ಳಿಯನ್ನು ಇದರಲ್ಲಿ ಬೆರೆಸಬೇಡಿ. ದೊಡ್ಡ ಉರಿಗೆ ಕರಕಾಗಿ ಕಹಿಯಾಗುತ್ತದೆ. ಕೊನೆಯ ಅರ್ಧ ನಿಮಿಷಕ್ಕೆ ಇಟ್ಟುಕೊಳ್ಳಿ. ಗರಂ ಮಸಾಲೆ ಹಾಕಿದರೂ ರುಚಿಯಾಗಿಯೇ ಇರುತ್ತದೆ, ಆದರೆ ಆಗ ಅದು ಬೇರೆ ಅಡುಗೆ.

7. ತರಕಾರಿ ಒಂದೇ ದಪ್ಪ

ಎರಡು ಈರುಳ್ಳಿ, ಮೂರು ದೊಣ್ಣೆಮೆಣಸಿನಕಾಯಿ. ಈರುಳ್ಳಿಯನ್ನು ಬುಡದಿಂದ ತುದಿಗೆ ಉದ್ದುದ್ದ ಸೀಳಿ. ಅಡ್ಡ ಹೆಚ್ಚಿದರೆ ಬಾಡಿ ಮುದ್ದೆಯಾಗುತ್ತದೆ. ಹಸಿರು ದೊಣ್ಣೆಮೆಣಸು ಬಲಿಯದ ಕಾಯಿ, ಸ್ವಲ್ಪ ಕಹಿ. ಕೆಂಪು, ಹಳದಿ ಹಣ್ಣಾದವು, ಸಿಹಿ. ಒಂದಾದರೂ ಕೆಂಪು ಇರಲಿ. ಟೊಮೆಟೊ ಬಾಣಲೆಗೆ ಬೇಡ.

8. ಕಾವಲಿ ಕಾಯುವವರೆಗೆ ಕಾಯಿರಿ

ಹೆಚ್ಚಿನವರ ಫಹೀಟಾ ಪಲ್ಯವಾಗುವುದು ಇಲ್ಲಿಯೇ. ಅರೆಕಾವಿನ ಬಾಣಲೆಗೆ ತರಕಾರಿ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ. ನಮಗೆ ಬೇಕಾದದ್ದು ಅಂಚಿನಲ್ಲಿ ಕಪ್ಪು ಚುಕ್ಕೆ, ನಡುವೆ ಕಟಕ್ಕೆಂದು ಮುರಿಯುವ ಹದ. ಬೀಡಿನ ಬಾಣಲೆ ಇದಕ್ಕೆ ಹೇಳಿ ಮಾಡಿಸಿದ್ದು. ದಪ್ಪವಾದ್ದರಿಂದ ತಣ್ಣಗಿನ ತರಕಾರಿ ಬಿದ್ದರೂ ಕಾವು ಅಷ್ಟಾಗಿ ಇಳಿಯುವುದಿಲ್ಲ. ಖಾಲಿ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಐದು ನಿಮಿಷ ಇಡಿ. ದೋಸೆ ಹುಯ್ಯುವವರಿಗೆ ಪರೀಕ್ಷೆ ಹೊಸದಲ್ಲ, ನೀರು ಚಿಮುಕಿಸಿದರೆ ಹನಿಗಳು ಉರುಳಾಡಿ ಓಡಬೇಕು. ಆದರೆ ದೋಸೆಯ ಕಾವಲಿಯನ್ನೇ ಇದಕ್ಕೆ ಇಳಿಸಬೇಡಿ. ಮರುದಿನದ ದೋಸೆಯಲ್ಲಿ ಸೀಗಡಿ ವಾಸನೆ ಬಂದರೆ ಮನೆಯಲ್ಲಿ ಯಾರೂ ಕ್ಷಮಿಸುವುದಿಲ್ಲ.

ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಖಾಲಿ ಕಾಯಿಸಬಾರದು, ಲೇಪ ಕೆಡುತ್ತದೆ. ಅದೊಂದೇ ಇದ್ದರೆ ಮಧ್ಯಮ ಉರಿಗಿಂತ ಸ್ವಲ್ಪ ಮೇಲೆ, ಎಣ್ಣೆ ಹಾಕಿಯೇ ಕಾಯಿಸಿ. ಕಪ್ಪು ಚುಕ್ಕೆಯ ಆಸೆ ಬಿಡಿ. ಎಣ್ಣೆ ಕಡಲೆಕಾಯಿಯದ್ದೋ ಸೂರ್ಯಕಾಂತಿಯದ್ದೋ ಆಗಲಿ, ರಿಫೈನ್ಡ್ ಆಗಿರಲಿ. ಗಾಣದ ಕೊಬ್ಬರಿ ಎಣ್ಣೆ, ಬೆಣ್ಣೆ ಈ ಕಾವಿಗೆ ಬೇಗ ಹೊಗೆಯಾಡುತ್ತವೆ. ಕಿಟಕಿ ತೆರೆಯಿರಿ, ಚಿಮಣಿ ಹಾಕಿ. ಅಮೆರಿಕದ ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ಮರೆತರೆ ಹೊಗೆಯ ಅಲಾರಂ ನೆನಪಿಸುತ್ತದೆ.

9. ತರಕಾರಿ ಮೊದಲು, ಸೀಗಡಿ ಕೊನೆಗೆ

ಎಣ್ಣೆ ಬಿಟ್ಟು ತರಕಾರಿ ಹಾಕಿ, ಒಂದು ನಿಮಿಷ ಮುಟ್ಟಬೇಡಿ. ಆಮೇಲೆ ಕೈಯಾಡಿಸಿ, ಒಟ್ಟು ನಾಲ್ಕು ನಿಮಿಷ. ಉಪ್ಪು ಉದುರಿಸಿ ತಟ್ಟೆಗೆ ತೆಗೆಯಿರಿ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಅವರ ಪಾಲನ್ನು ಈಗಲೇ ಬೇರೆ ಮಾಡಿ. ಪನೀರ್ ಪಟ್ಟಿಗಳನ್ನೂ ಇದೇ ಹಂತದಲ್ಲಿ ಹುರಿದುಕೊಳ್ಳಬಹುದು. ಸೀಗಡಿಯ ಅಲರ್ಜಿ ಇರುವವರಿಗೆ ಮಾತ್ರ ಬಾಣಲೆ, ಚಾಕು, ಹಲಗೆ ಎಲ್ಲವೂ ಪ್ರತ್ಯೇಕ. ಅದು ಪ್ರಾಣಕ್ಕೆ ಬರುವ ಸಂಗತಿ. ಅತಿಥಿಗಳಿದ್ದರೆ ಮೊದಲೇ ಕೇಳಿಬಿಡಿ.

ಬಾಣಲೆ ಮತ್ತೆ ಕಾಯಲಿ. ಸೀಗಡಿಯನ್ನು ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಜೋಡಿಸಿ. ಹಿಡಿಸದಿದ್ದರೆ ಎರಡು ಸಲ ಮಾಡಿ, ಒತ್ತೊತ್ತಾಗಿ ತುಂಬಿದರೆ ಇಷ್ಟು ಹೊತ್ತು ಒರೆಸಿದ್ದೆಲ್ಲ ವ್ಯರ್ಥ. ಒಂದೂವರೆ ನಿಮಿಷ ಅಲುಗಿಸಬೇಡಿ. ತಿರುವಿ ಬೆಳ್ಳುಳ್ಳಿ ಹಾಕಿ, ಇನ್ನೊಂದು ನಿಮಿಷ. ಗಡಿಯಾರಕ್ಕಿಂತ ಸೀಗಡಿಯ ಮೈ ನೋಡಿ. ಪಾರದರ್ಶಕವಾಗಿದ್ದದ್ದು ಮುತ್ತಿನ ಬಿಳಿಗೆ ತಿರುಗಬೇಕು, ಬೆನ್ನಿನ ಸೀಳಿನ ಆಳದಲ್ಲಿ ಬೂದುಬಣ್ಣ ಉಳಿದಿರಬಾರದು. ಅರ್ಧಚಂದ್ರದಷ್ಟು ಬಾಗಿದ್ದರೆ ಹದ. ತಲೆ ಬಾಲ ಕೂಡಿ ಉಂಗುರವಾದರೆ ಹದ ಮೀರಿತು. ಪೂರ್ತಿ ಬೆಂದಿತೆಂದು ಅನಿಸುವುದಕ್ಕೆ ಒಂದು ಕ್ಷಣ ಮೊದಲೇ ಒಲೆ ಆರಿಸಿ. ತರಕಾರಿ ಬೆರೆಸಿ, ನಿಂಬೆ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿ. ಉಳಿದ ಕಾವು ಉಳಿದ ಕೆಲಸ ಮಾಡುತ್ತದೆ.

10. ಟೋರ್ಟಿಯಾವನ್ನು ಬೆಂಕಿಗೆ ತೋರಿಸಿ

ಟೆಕ್ಸಸ್ಸಿನಲ್ಲಿ ಫಹೀಟಾಕ್ಕೆ ಮೈದಾದ ಟೋರ್ಟಿಯಾ ರೂಢಿ. ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಂದೊಂದು ಬದಿ ಹತ್ತು ಸೆಕೆಂಡು ತೋರಿಸಿ, ಬಟ್ಟೆಯಲ್ಲಿ ಮುಚ್ಚಿಡಿ. ಇಷ್ಟು ಸೀಗಡಿಗೆ ಅಂಗೈಗಿಂತ ತುಸು ಅಗಲದ್ದು ಹತ್ತು ಹನ್ನೆರಡು ಬೇಕು. ಸಿಗದಿದ್ದರೆ ಮೆತ್ತಗಿನ ಚಪಾತಿ ಧಾರಾಳವಾಗಿ ನಡೆಯುತ್ತದೆ, ತುಸು ಸಣ್ಣದಾಗಿ ಲಟ್ಟಿಸಿ. ಅಂಗಡಿಯ ಮೆಕ್ಕೆಜೋಳದ ಹಿಟ್ಟು ತಂದು ಟೋರ್ಟಿಯಾ ತಟ್ಟುವ ಸಾಹಸ ಬೇಡ. ಮೆಕ್ಸಿಕೋದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ಅರೆಯುತ್ತಾರೆ. ಹಿಟ್ಟಿಗೆ ಜಿಗುಟು ಬರುವುದು ಆ ಸುಣ್ಣದಿಂದ. ನಮ್ಮ ಹಿಟ್ಟಿಗೆ ಆ ಸಂಸ್ಕಾರವಿಲ್ಲ, ಮಡಚಿದರೆ ಒಡೆಯುತ್ತದೆ.

11. ಪಕ್ಕಕ್ಕೆ ಎರಡೇ ಬಟ್ಟಲು

ಹತ್ತು ಬಗೆ ಹರಡಿದರೆ ವಾರದ ನಡುವಿನ ಅಡುಗೆ ಮದುವೆ ಮನೆಯದ್ದಾಗುತ್ತದೆ. ಸಣ್ಣಗೆ ಹೆಚ್ಚಿದ ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆ, ಉಪ್ಪು: ಇದು ಸಾಲ್ಸಾ. ಟೊಮೆಟೊ ಬೀಜ ತೆಗೆದರೆ ನೀರಾಗದು. ಇನ್ನೊಂದಕ್ಕೆ ಹಣ್ಣಾದ ಬಟರ್ ಫ್ರೂಟ್ ಕಿವುಚಿ ಉಪ್ಪು, ನಿಂಬೆ ಬೆರೆಸಿ. ಕೊಡಗು, ಚಿಕ್ಕಮಗಳೂರಿನ ಹಣ್ಣು ಸಿಗುವ ಕಾಲದಲ್ಲಿ ಆಮದಿನದಕ್ಕೆ ದುಬಾರಿ ತೆರಬೇಕಿಲ್ಲ. ಅದೂ ಇಲ್ಲವೇ? ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಅರ್ಧ ಗಂಟೆ ಕಟ್ಟಿಟ್ಟರೆ ಸೌರ್ ಕ್ರೀಮಿನ ಕೆಲಸ ಮಾಡುತ್ತದೆ. ತುರಿದ ಚೀಸ್ ಮಕ್ಕಳಿಗೆ ಇಷ್ಟ, ಸೀಗಡಿಗೆ ಅದರ ಅಗತ್ಯವಿಲ್ಲ ಎಂಬುದು ನನ್ನ ಪಕ್ಷ.

12. ಸುತ್ತಿ ಬಡಿಸಬೇಡಿ

ಎಲ್ಲವನ್ನೂ ನಡುವಿಗಿಟ್ಟು ಅವರವರೇ ಸುತ್ತಿಕೊಳ್ಳಲಿ. ಮೊದಲೇ ಸುತ್ತಿಟ್ಟದ್ದು ಹತ್ತು ನಿಮಿಷದಲ್ಲಿ ನೆನೆದು ಹರಿಯುತ್ತದೆ. ಉಳಿದ ತರಕಾರಿ ಮರುದಿನ ಅನ್ನಕ್ಕೋ ಆಮ್ಲೆಟ್ಟಿಗೋ ಆಗುತ್ತದೆ. ಸೀಗಡಿ ಉಳಿದರೆ ಫ್ರಿಜ್ಜಿನಿಂದ ತೆಗೆದು ತಣ್ಣಗೇ ತಿನ್ನಿ, ಮತ್ತೆ ಬಿಸಿ ಮಾಡಿದರೆ ಆ ರಬ್ಬರು ತಪ್ಪಿದ್ದಲ್ಲ. ಅರ್ಧ ಕಿಲೋ ನಾಲ್ವರಿಗೆ ಸರಿಯಾಗುತ್ತದೆ, ಉಳಿಯುವಷ್ಟು ಮಾಡಲೇಬೇಡಿ.