ಬೆರಳು ಕೊಡುವ ಹರಕೆ: ಕಥೆ ಎಷ್ಟು, ಚರಿತ್ರೆ ಎಷ್ಟು?

ನಮ್ಮ ದೊಡ್ಡನೆಕ್ಕುಂದಿಯಿಂದ ಮೂಡಲಿಗೆ, ಕೋಲಾರದ ಸೀತಿಬೆಟ್ಟದ ದೇವರ ಕಥೆಯೊಂದಿದೆ. ನಾನದನ್ನು ಕೇಳಿದ್ದು ನನ್ನ ಅಜ್ಜಿಯ ಬಾಯಿಂದ. ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕೆಂದು ರಾಕ್ಷಸನೊಬ್ಬ ಶಿವನಿಂದ ವರ ಪಡೆದು, ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವನು ಹೊಲವೊಂದರ ಬಳಿ ಅಡಗಿದ. ಅಲ್ಲಿದ್ದ ಒಕ್ಕಲಿಗನು ಬಾಯಲ್ಲಿ “ಕಾಣೆ” ಎನ್ನುತ್ತಲೇ ಬೆರಳಿನಿಂದ ಜಾಗ ತೋರಿಸಿಬಿಟ್ಟ. ವಿಷ್ಣುವು ಮೋಹಿನಿಯಾಗಿ ಬಂದು ರಾಕ್ಷಸನನ್ನು ಕೊಂದನು. ಆಮೇಲೆ ಶಿವನು ತಪ್ಪುಮಾಡಿದ ಬೆರಳನ್ನು ಕೇಳಿದ. ಬುತ್ತಿ ತಂದಿದ್ದ ಹೆಂಡತಿ, “ಸ್ವಾಮಿ, ಇವರ ಬೆರಳು ಹೋದರೆ ಆರಂಬ ಮಾಡೋರು ಯಾರು? ನನ್ನವೆರಡು ತಗೋ” ಎಂದಳಂತೆ.

ಈ ಹರಕೆ ಪುರಾಣಕಾಲದಿಂದಲೂ ಇದೆಯೆಂದು ಕೆಲವರ ವಾದ. ಮಧ್ಯಯುಗದ ನರಬಲಿಯ ಪಳೆಯುಳಿಕೆಯೆಂದು ಮತ್ತೆ ಕೆಲವರ ವಾದ. ಇವೆರಡನ್ನೂ ಒರೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪುರಾಣವನ್ನು ನೋಡೋಣ. ಭಾಗವತದ ದಶಮಸ್ಕಂಧದಲ್ಲಿ ವೃಕಾಸುರನ ಕಥೆಯಿದೆ. ಅಲ್ಲಿ ವಿಷ್ಣುವು ಬರುವುದು ಬ್ರಹ್ಮಚಾರಿಯ ವೇಷದಲ್ಲಿ. ಒಕ್ಕಲಿಗನಾಗಲಿ, ಹೊಲವಾಗಲಿ, ಬೆರಳಾಗಲಿ ಅಲ್ಲಿಲ್ಲ. ಹರಕೆಗೆ ಕಾರಣ ಹೇಳುವ ಭಾಗವೇ ಪುರಾಣದಲ್ಲಿಲ್ಲವೆಂಬುದು ಗಮನಾರ್ಹ. ಆದುದರಿಂದ ಆಚಾರವು ಮೊದಲೇ ಇದ್ದು, ಅದಕ್ಕೆ ಕಾರಣ ಹೇಳಲು ಜನರು ಪುರಾಣದ ಕಥೆಗೆ ಈ ಭಾಗವನ್ನು ಜೋಡಿಸಿದರೆಂದು ಊಹಿಸುವುದೇ ಸಮಂಜಸ.

ಆಚಾರಕ್ಕಾದರೋ ಲಿಖಿತ ಸಾಕ್ಷ್ಯವಿದೆ. ಮೊರಸು ಒಕ್ಕಲಿನ ಒಂದು ಪಂಗಡದ ಹೆಂಗಸರು, ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಮ್ಮ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಕೊಳ್ಳುತ್ತಿದ್ದುದನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಬರೆದಿದ್ದಾನೆ. ಸರ್ಕಾರವು ಇದನ್ನು ನಿಷೇಧಿಸಿದ ಮೇಲೆ, ಬೆರಳಿಗೆ ಚಿನ್ನದ ಇಲ್ಲವೆ ಬೆಳ್ಳಿಯ ತೊಡವನ್ನು ಹಾಕಿ ತೆಗೆಯುವುದರಲ್ಲೇ ಹರಕೆ ಮುಗಿಯತೊಡಗಿತು. ಇಷ್ಟು ಚರಿತ್ರೆ. ಆದರೆ ವಿಲ್ಕ್ಸನ ಮಾತು ಅವನ ಕಾಲಕ್ಕೆ ಸಾಕ್ಷಿಯೇ ಹೊರತು, ಅದಕ್ಕಿಂತ ಐನೂರು ವರ್ಷ ಹಿಂದಿನ ಕಾಲಕ್ಕಲ್ಲ.

ನರಬಲಿಯ ವಾದಕ್ಕೆ ಹೋಲಿಕೆಯೊಂದೇ ಆಧಾರ. ಬೆರಳು ಕೊಟ್ಟವರು ಹಿಂದೊಮ್ಮೆ ತಲೆಯನ್ನೂ ಕೊಟ್ಟಿರಬೇಕೆಂಬುದು ತರ್ಕವಲ್ಲ, ಕಲ್ಪನೆ. ಯೂರೋಪಿನಲ್ಲೂ ಹೀಗೆಯೇ ಆಯಿತು. ಮಾಟಗಾತಿಯರೆಂದು ದಂಡನೆಗೊಳಗಾದವರು ಕ್ರೈಸ್ತಪೂರ್ವ ಮತವೊಂದರ ಅನುಯಾಯಿಗಳೆಂದು ಮಾರ್ಗರೆಟ್ ಮರ್ರೆ 1921ರಲ್ಲಿ ವಾದಿಸಿದರು. ವಿಚಾರಣೆಯ ಹೇಳಿಕೆಗಳಿಂದ ತಮಗೆ ಬೇಕಾದುದನ್ನಷ್ಟೇ ಅವರು ಆರಿಸಿಕೊಂಡರೆಂದು ತೋರಿಸಿ, ಮುಂದಿನ ಇತಿಹಾಸಕಾರರು ಆ ವಾದವನ್ನು ತಳ್ಳಿಹಾಕಿದರು.

ಹಾಗಾದರೆ ಅಜ್ಜಿಯ ಕಥೆ ಸುಳ್ಳೇ? ರಾಕ್ಷಸನ ವಿಷಯದಲ್ಲಿ ಅದು ಚರಿತ್ರೆಯಲ್ಲ. ಆದರೆ ನೇಗಿಲು ಹಿಡಿಯುವ ಕೈ ಉಳಿಯಲೆಂದು ಹೆಣ್ಣಿನ ಕೈ ನೋಯಬೇಕಾಯಿತೆಂಬ ತಿಳಿವಳಿಕೆ, ಕಥೆ ಕಟ್ಟಿದ ಜನರ ಬಾಳಿನಿಂದಲೇ ಬಂದುದು. ಕಥೆಯನ್ನು ಚರಿತ್ರೆಯೆಂದು ನಂಬಿದರೆ ಆ ನೋವು ದೈವಾಜ್ಞೆಯಾಗಿಬಿಡುತ್ತದೆ. ನರಬಲಿಯೆಂದು ಹಳಿದರೆ ನೊಂದವರೇ ಅನಾಗರಿಕರಾಗಿಬಿಡುತ್ತಾರೆ. ಎರಡೂ ಅನ್ಯಾಯವೇ. ಕಥೆಯನ್ನು ಕಥೆಯೆಂದೂ ದಾಖಲೆಯನ್ನು ದಾಖಲೆಯೆಂದೂ ಓದಿದಾಗ ಮಾತ್ರ ಬೆರಳು ಕೊಟ್ಟ ಆ ತಾಯಂದಿರು ನಮಗೆ ಮನುಷ್ಯರಾಗಿ ಕಾಣುತ್ತಾರೆ.