ಸಣ್ಣ ಕೆರೆಯ ಏರಿ: ಸುರಕ್ಷತೆ ಮತ್ತು ಪರಿಸರ
ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

1. ಹೊಣೆ ಯಾರದು?

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದಲ್ಲಿ ನೀರಾವರಿ ಎಂದೊಡನೆ ಕೃಷ್ಣಾ ನದಿಯ ನಾರಾಯಣಪುರ ಜಲಾಶಯ ಹಾಗೂ ಅದರ ಎಡದಂಡೆ ಕಾಲುವೆ ನೆನಪಿಗೆ ಬರುತ್ತವೆ. ಆದರೆ ಕಾಲುವೆ ತಲುಪದ ಊರುಗಳಲ್ಲಿ ಬಾವಿ, ಕೊಳವೆಬಾವಿಗಳ ಸೆಲೆಯನ್ನು ಉಳಿಸುವುದು ಹಾಗೂ ಬೇಸಿಗೆಯಲ್ಲಿ ದನಕರುಗಳಿಗೆ ನೀರೊದಗಿಸುವುದು ಮಣ್ಣಿನ ಏರಿ, ಅಂದರೆ ಒಡ್ಡು, ಇರುವ ಸಣ್ಣ ಕೆರೆಗಳು ಮತ್ತು ಜಿನುಗು ಕೆರೆಗಳು.

2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವುಗಳ ಪೈಕಿ 500 ಮೀಟರ್ ಉದ್ದ ಅಥವಾ 10 ಲಕ್ಷ ಘನ ಮೀಟರ್ ಸಂಗ್ರಹದಂತಹ ನಿಗದಿತ ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸುವವು ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ಊರಿನ ಸಾಮಾನ್ಯ ಕೆರೆಯ ಏರಿ ಈ ವ್ಯಾಪ್ತಿಯ ಹೊರಗೆ ಉಳಿಯುತ್ತದೆ. ರಾಜ್ಯದಲ್ಲಿ 40 ಹೆಕ್ಟೇರುವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಯ ಸುಪರ್ದಿಗೆ ಸೇರಿವೆ. ಅದಕ್ಕಿಂತ ದೊಡ್ಡವನ್ನು ಸಣ್ಣ ನೀರಾವರಿ ಇಲಾಖೆ ನೋಡಿಕೊಳ್ಳುತ್ತದೆ. ಆದ್ದರಿಂದ ಸಣ್ಣ ಏರಿಯ ಮಟ್ಟಿಗೆ ಮೊದಲ ಪರಿಶೀಲನೆಯು ಸದಸ್ಯರಿಂದಲೇ ಆಗಬೇಕು.

ಏರಿ ಚಿಕ್ಕದಾದರೆ ಅಪಾಯವೂ ಚಿಕ್ಕದೆಂದು ಭಾವಿಸಬಾರದು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಕನಿಷ್ಠ 19 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ನೀರು ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು.

2. ಏರಿ ಒಡೆಯುವ ಬಗೆ

ಮೊದಲನೆಯದು, ನೀರು ಏರಿಯ ಮೇಲೆ ಹರಿಯುವುದು. ಮಣ್ಣು ಹರಿಯುವ ನೀರನ್ನು ತಾಳಲಾರದು. ಹೆಚ್ಚುವರಿ ನೀರಿಗೆ ಇರುವ ದಾರಿ ಕೋಡಿ ಒಂದೇ. ಹೆಚ್ಚು ನೀರು ನಿಲ್ಲಲಿ ಎಂಬ ಆಸೆಯಿಂದ ಕೋಡಿಗೆ ಮರಳು ಚೀಲ ಇಡುವ ರೂಢಿ ಹಲವೆಡೆ ಇದೆ. 10 ಮೀಟರ್ ಉದ್ದದ ಕೋಡಿಯ ಮೇಲೆ 1 ಮೀಟರ್ ಆಳಕ್ಕೆ ನೀರು ಹರಿದರೆ ಸೆಕೆಂಡಿಗೆ ಸುಮಾರು 17 ಘನ ಮೀಟರ್ ಹೊರಹೋಗುತ್ತದೆ. ಅರ್ಧ ಮೀಟರ್ ಎತ್ತರಕ್ಕೆ ಚೀಲ ಇಟ್ಟರೆ, ಕೆರೆಯ ನೀರಿನ ಮಟ್ಟ ಅಷ್ಟೇ ಇರುವಾಗ ಹೊರಹೋಗುವುದು ಸುಮಾರು 6 ಘನ ಮೀಟರ್ ಮಾತ್ರ. ಮುಚ್ಚಿದ್ದು ಅರ್ಧ ಎತ್ತರವಾದರೂ ಕೋಡಿಯ ಸಾಮರ್ಥ್ಯ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದ ನೀರು ಏರಿಯನ್ನು ಹತ್ತುತ್ತದೆ.

ಎರಡನೆಯದು, ಒಳಗಿನಿಂದ ಕೊರೆತ. ಹೆಗ್ಗಣದ ಬಿಲ, ಕೊಳೆತ ಬೇರಿನ ಟೊಳ್ಳು ಮತ್ತು ತೂಬಿನ ಕೊಳವೆಯ ಅಂಚು ನೀರಿಗೆ ದಾರಿಯಾಗುತ್ತವೆ. ಏರಿಯ ಬುಡದಲ್ಲಿ ತಿಳಿನೀರು ಸ್ವಲ್ಪ ಜಿನುಗುವುದು ಸಾಮಾನ್ಯ. ಆ ನೀರು ಕದಡಿದ್ದರೆ ಏರಿಯ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ.

ಮೂರನೆಯದು, ಇಳಿಜಾರು ಕುಸಿಯುವುದು. ಏರಿಯ ನೆತ್ತಿಯಲ್ಲಿ ಉದ್ದುದ್ದ ಬಿರುಕು ಮತ್ತು ಬುಡದಲ್ಲಿ ಉಬ್ಬು ಇದರ ಮುನ್ಸೂಚನೆ. ಈ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಮೊದಲ ಮಳೆಯ ನೀರು ಆ ಬಿರುಕಿಗೆ ಇಳಿದರೆ ಏರಿ ಸಡಿಲಗೊಳ್ಳುತ್ತದೆ. ಆದಕಾರಣ ಎರೆಮಣ್ಣನ್ನು ಏರಿಯ ಗರ್ಭದಲ್ಲಿಟ್ಟು ಹೊರಮೈಗೆ ಗರಸು ಹೊದಿಸುವುದು ಸರಿಯಾದ ಕ್ರಮ. ಗರಸು ಸವೆದ ಕಡೆ ಮಳೆಗಾಲಕ್ಕೆ ಮುಂಚೆಯೇ ಹಾಕಿ ದಮ್ಮಸು ಮಾಡಿಸಬೇಕು.

3. ಪರಿಸರದಲ್ಲಿ ಕೆರೆಯ ಪಾತ್ರ

ಸುರಪುರ ಸೀಮೆಯ ಬೋನಾಳ ಕೆರೆ 17ನೇ ಶತಮಾನದ್ದು. 19ನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಕರ್ನಲ್ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದರು. ನೀರಾವರಿಗೆಂದು ಕಟ್ಟಿದ ಕೆರೆ ಇಂದು ಪಕ್ಷಿಧಾಮವಾಗಿದೆ. ಕೊಕ್ಕರೆ ಮತ್ತು ಕೆಂಬರಲುಗಳ ಜೊತೆಗೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳೂ ಅಲ್ಲಿ ಕಾಣಸಿಗುತ್ತವೆ.

ಊರಿನ ಸಣ್ಣ ಕೆರೆಯೂ ಇದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ಅದು ಅಂತರ್ಜಲ ತುಂಬುತ್ತದೆ, ಹೊಲದಿಂದ ಕೊಚ್ಚಿಬಂದ ಮಣ್ಣನ್ನು ತಡೆಯುತ್ತದೆ, ಮೀನು ಮತ್ತು ಹಕ್ಕಿಗಳಿಗೆ ನೆಲೆಯಾಗುತ್ತದೆ. ಏರಿ ಒಡೆದರೆ ಇವೆಲ್ಲವೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ. ಆದ್ದರಿಂದ ಸುರಕ್ಷತೆ ಮತ್ತು ಪರಿಸರವನ್ನು ಬೇರೆಬೇರೆ ಕೆಲಸಗಳೆಂದು ನೋಡಲಾಗದು.

ಗಿಡಮರಗಳ ವಿಷಯದಲ್ಲಿ ಮಾತ್ರ ಇವೆರಡಕ್ಕೂ ಘರ್ಷಣೆ ಇದೆಯೆಂಬ ಭಾವನೆ ಬರುತ್ತದೆ. ಪರಿಹಾರ ಸರಳ: ಏರಿಯ ಮೇಲೆ ಹುಲ್ಲು, ಹಿನ್ನೀರಿನ ಅಂಚಿನಲ್ಲಿ ಮರ. ಏರಿಯ ಮೇಲೆ ಮೊಳೆತ ಬಳ್ಳಾರಿ ಜಾಲಿಯನ್ನು ಎಳೆಯದಿರುವಾಗಲೇ ಕೀಳಿಸಬೇಕು. ಹಿನ್ನೀರಿನ ಕಡೆಯ ಕರಿಜಾಲಿ ಹಕ್ಕಿಗಳು ಗೂಡು ಕಟ್ಟುವ ಮರ. ಅದನ್ನು ಸ್ವಚ್ಛತೆಯ ಹೆಸರಿನಲ್ಲಿ ಕಡಿಸಬಾರದು.

4. ಸದಸ್ಯರು ಮಾಡಬೇಕಾದುದು

ಮಳೆಗಾಲಕ್ಕೆ ಮುಂಚೆ ಒಮ್ಮೆ, ಪ್ರತಿ ದೊಡ್ಡ ಮಳೆಯ ನಂತರ ಒಮ್ಮೆ ಏರಿಯ ಮೇಲೂ ಬುಡದಲ್ಲೂ ನಡೆದು ನೋಡಬೇಕು.

- ಕೋಡಿಯಲ್ಲಿ ಚೀಲ, ಕಲ್ಲು, ಮುಳ್ಳು ಇದ್ದರೆ ತೆಗೆಸುವುದು. ಕೋಡಿಹಳ್ಳದ ಒತ್ತುವರಿಯನ್ನು ಗುರುತಿಸುವುದು.
- ಏರಿಯ ನೆತ್ತಿಯಲ್ಲಿ ತಗ್ಗು, ಬಿರುಕು, ಬಿಲಗಳನ್ನು ಅಗೆದು, ಪದರಪದರವಾಗಿ ಮಣ್ಣು ತುಂಬಿ ದಮ್ಮಸು ಮಾಡಿಸುವುದು.
- ತೂಬು ತೆರೆದು ಮುಚ್ಚಿ ಪರೀಕ್ಷಿಸುವುದು.
- ದೊಡ್ಡ ಮರವನ್ನು ಬೇರುಸಹಿತ ತೆಗೆಯುವ ಮುನ್ನ ಅಭಿಯಂತರರ ಸಲಹೆ ಪಡೆಯುವುದು.
- ಹೂಳೆತ್ತುವಾಗ ಏರಿಯ ಒಳಬುಡದ ಬಳಿ ಅಗೆಯದಿರುವುದು. ಹೂಳನ್ನು ಹೊಲಗಳಿಗೆ ಒದಗಿಸುವುದು.

ಬುಡದಲ್ಲಿ ಕದಡಿದ ನೀರು ಕಂಡರೆ ಆ ಬಾಯಿಗೆ ಜೇಡಿಮಣ್ಣು ಮೆತ್ತಬಾರದು. ನೀರು ಮತ್ತೊಂದು ದಾರಿ ಹುಡುಕುತ್ತದೆ. ಅದರ ಮೇಲೆ ಮೊದಲು ಮರಳು, ನಂತರ ಸಣ್ಣ ಜಲ್ಲಿ ಹರಡಬೇಕು. ಆಗ ನೀರು ಹೊರಬರುತ್ತದೆ, ಮಣ್ಣು ನಿಲ್ಲುತ್ತದೆ. ಜೊತೆಗೆ ತೂಬು ತೆರೆದು ನೀರಿನ ಮಟ್ಟ ಇಳಿಸಬೇಕು, ತಹಶೀಲ್ದಾರರಿಗೂ ಅಭಿಯಂತರರಿಗೂ ತಕ್ಷಣ ತಿಳಿಸಬೇಕು, ಕೆಳಗಿನ ತಗ್ಗಿನಲ್ಲಿ ವಾಸಿಸುವವರನ್ನು ಸ್ಥಳಾಂತರಿಸಬೇಕು.

ಪ್ರತಿ ಪರಿಶೀಲನೆಯ ದಿನಾಂಕ, ಕಂಡ ದೋಷ ಮತ್ತು ಕೈಗೊಂಡ ಕ್ರಮವನ್ನು ವಹಿಯಲ್ಲಿ ದಾಖಲಿಸಿ ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸತಕ್ಕದ್ದು. ದುರಸ್ತಿಯನ್ನು ಕ್ರಿಯಾಯೋಜನೆಯಲ್ಲಿ ಸೇರಿಸಲು ಈ ದಾಖಲೆಯೇ ಆಧಾರವಾಗುತ್ತದೆ.