ಗಟ್ಟಿಮೇಳಕ್ಕೆ ಮುಂಚೆ: ಮದುವೆ ಫೋಟೊಗ್ರಾಫರ್ ಜೊತೆ ಮೊದಲ ಸಲ ಸಹಾಯಕರಾಗಿ ಹೊರಡುವವರಿಗೆ

ಫೋಟೊ ಸರಿಯಾಗಿ ಬರಲಿಲ್ಲವೆಂದು ತಾಳಿಯನ್ನು ಇನ್ನೊಮ್ಮೆ ಕಟ್ಟಿಸಲಾಗದು. ಮುಖ್ಯ ಫೋಟೊಗ್ರಾಫರ್ ದುಡ್ಡು ಕೊಟ್ಟು ಸಹಾಯಕರನ್ನು ಕರೆದೊಯ್ಯುವುದೇ ಇದಕ್ಕಾಗಿ. ಆ ಹೊತ್ತಿನಲ್ಲಿ ಅವರು ಹಿಂತಿರುಗಿ ನೋಡುವಂತಾಗಬಾರದು. ಬ್ಯಾಟರಿ, ಲೈಟು, ಅಡ್ಡ ಬಂದು ನಿಂತ ನೆಂಟರು, ಎಲ್ಲ ನಿಮ್ಮ ಪಾಲಿನ ಕೆಲಸ. ಹಳೇ ಮೈಸೂರು ಕಡೆಯ ಛತ್ರದ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ: ಹಿಂದಿನ ಸಂಜೆ ಆರತಕ್ಷತೆ, ಮಾರನೇ ಬೆಳಿಗ್ಗೆ ಮುಹೂರ್ತ.

ಹಂತ 1: ಒಪ್ಪಿಕೊಳ್ಳುವಾಗಲೇ ಮಾತು ಮುಗಿಸಿ

ದಿನಕ್ಕೆ ಎಷ್ಟು, ಆರತಕ್ಷತೆಯ ಸಂಜೆಯನ್ನು ಅರ್ಧ ದಿನವೆಂದು ಹಿಡಿಯುತ್ತಾರೋ ಪೂರ್ತಿಯೋ, ಬಸ್ ಚಾರ್ಜು ಯಾರದು, ರಾತ್ರಿ ಮಲಗುವುದೆಲ್ಲಿ, ದುಡ್ಡು ಕೈಗೆ ಬರುವುದು ಯಾವಾಗ? ಇಷ್ಟನ್ನೂ ಕೇಳಿ. ಕೇಳಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು, "ಹೀಗೇ ಅಲ್ವಾ ಸಾರ್?" ಎಂದು ಕಳಿಸಿಬಿಡಿ. ನೀವು ತೆಗೆದ ಫೋಟೊಗಳನ್ನು ನಿಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದೇ ಎಂಬುದೂ ಆಗಲೇ ತೀರ್ಮಾನವಾಗಲಿ. ಒಪ್ಪಿಗೆ ಸಿಗದಿದ್ದರೆ ಒಂದನ್ನೂ ಹಾಕಬೇಡಿ.

ಹಂತ 2: ಲಗ್ನಪತ್ರಿಕೆ ಓದಿ, ಶಾಸ್ತ್ರದ ಕ್ರಮ ಕಲಿಯಿರಿ

ಹೊಸಬರು ಲೆನ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಶಾಸ್ತ್ರದ ಬಗ್ಗೆ ವಿಚಾರಿಸುವುದೇ ಇಲ್ಲ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಇದೇ ದೊಡ್ಡದು. ಪತ್ರಿಕೆಯಲ್ಲಿ ಮುಹೂರ್ತ ಎಷ್ಟರಿಂದ ಎಷ್ಟರವರೆಗೆ ಎಂದು ಇರುತ್ತದೆ. ತಾಳಿ ಕಟ್ಟುವುದು ಅದರೊಳಗೇ. ನೀವು ಅದಕ್ಕೆ ಎರಡು ಗಂಟೆ ಮೊದಲೇ ಲೈಟು ಹಚ್ಚಿ ನೋಡಿರಬೇಕು.

ಕ್ರಮ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ವರಪೂಜೆ, ಕಾಶಿಯಾತ್ರೆ, ಅಂತರಪಟ, ಜೀರಿಗೆ-ಬೆಲ್ಲ, ಹಾರ ಬದಲಾವಣೆ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ, ಸಪ್ತಪದಿ, ಅರುಂಧತಿ ದರ್ಶನ. ಊರಿಂದ ಊರಿಗೆ, ಮನೆಯಿಂದ ಮನೆಗೆ ಇದು ಬದಲಾಗುತ್ತದೆ. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಂತೂ ಪುರೋಹಿತರೇ ಇರುವುದಿಲ್ಲ, ಹಿರಿಯರು ಹರಸುತ್ತಾರೆ. ಆದ್ದರಿಂದ ಮನೆಯವರನ್ನೂ ಪುರೋಹಿತರನ್ನೂ ಕೇಳಿ. "ಶಾಸ್ತ್ರಿಗಳೇ, ಧಾರೆ ಆದಮೇಲೆ ತಾಳಿನಾ? ನೀವು ಯಾವ ಕಡೆ ಕೂತ್ಕೋತೀರಿ?" ಎಂದು ವಿನಯವಾಗಿ ವಿಚಾರಿಸಿದರೆ, ಅವರೇ ಗಟ್ಟಿಮೇಳಕ್ಕೆ ಮುಂಚೆ ನಿಮ್ಮತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ.

ಈಗ ನಿಮ್ಮ ಜಾಗ ಗುರುತಿಸಿಕೊಳ್ಳಿ. ಅಂತರಪಟ ಸರಿಯುವಾಗ ಮುಖ್ಯ ಫೋಟೊಗ್ರಾಫರ್ ಮದುಮಗಳ ಮುಖ ಹಿಡಿಯುತ್ತಿದ್ದರೆ ನೀವು ಮದುಮಗನ ಮುಖ ಕಾಣುವ ಕಡೆ ಇರಿ. ಧಾರೆ ಎರೆಯುವಾಗ ಎಲ್ಲರ ಕಣ್ಣು ಕೈಗಳ ಮೇಲೆ. ನೀವು ಹೆಣ್ಣಿನ ತಂದೆತಾಯಿಯ ಮುಖ ನೋಡಿ. ಆಲ್ಬಮ್ ತೆರೆದಾಗ ಆ ಮನೆಯವರು ಬೆರಳಿಟ್ಟು ನಿಲ್ಲುವುದು ಅಲ್ಲೇ. ಲಾಜಾಹೋಮದಲ್ಲಿ ಅರಳು ಹಾಕುವುದು ಹೆಣ್ಣಿನ ಅಣ್ಣನೋ ತಮ್ಮನೋ, ಅವರು ಯಾರೆಂದು ಹಿಂದಿನ ಸಂಜೆಯೇ ತಿಳಿದಿರಲಿ.

ಹಂತ 3: ಕ್ಯಾಮೆರಾ ಹೊಂದಿಸಿ

ಎರಡೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಸಪ್ತಪದಿ ಮೊದಲು ಬಂದು ತಾಳಿ ಆಮೇಲೆ ಬಂದೀತು. ಛತ್ರದ ಎಲ್‌ಇಡಿ ಬೆಳಕಿನಲ್ಲಿ ಫೋಟೊದ ಮೇಲೆ ಅಡ್ಡಪಟ್ಟೆ ಬಿದ್ದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗ ಅದಕ್ಕೆ ಹೊಂದಿದರೆ ಪಟ್ಟೆ ಬಹುಮಟ್ಟಿಗೆ ಮಾಯ. ಎಲ್ಲ ದೀಪಗಳಿಗೂ ಇದು ನಾಟುವುದಿಲ್ಲವಾದ್ದರಿಂದ ಖಾಲಿ ಮಂಟಪದಲ್ಲಿ ಒಂದೆರಡು ಫೋಟೊ ತೆಗೆದು ಹಿಗ್ಗಿಸಿ ನೋಡಿ. ಫೈಲು ರಾ ಆಗಿರಲಿ.

ಆಷಾಢದಲ್ಲಿ ಮದುವೆಗಳು ಇಲ್ಲದಂತೆಯೇ. ಆಗ ಮನೆಯಲ್ಲಿ ದೀಪ ಆರಿಸಿ ಲೆನ್ಸ್, ಬ್ಯಾಟರಿ, ಕಾರ್ಡು ಬದಲಿಸುವುದನ್ನು ಕೈಗೆ ರೂಢಿ ಮಾಡಿಸಿ.

ಹಂತ 4: ಬ್ಯಾಗು

ಚಾರ್ಜ್ ಆದ ಬ್ಯಾಟರಿ, ಫ್ಲ್ಯಾಷ್‌ಗೆ ಪೆನ್ಸಿಲ್ ಸೆಲ್, ಟ್ರಿಗರ್‌ಗೆ ಬೇರೆ ಸೆಲ್, ಎಕ್ಸ್‌ಟೆನ್ಷನ್ ಬೋರ್ಡು, ವೈರು ನೆಲಕ್ಕೆ ಅಂಟಿಸಲು ಟೇಪು, ಹೋಮದ ಹೊಗೆಗೆ ಲೆನ್ಸ್ ಒರೆಸುವ ಬಟ್ಟೆ. ಖಾಲಿ ಕಾರ್ಡು ಎಡಜೇಬಿಗೆ, ತುಂಬಿದ್ದು ಜಿಪ್ ಇರುವ ಬಲಜೇಬಿಗೆ. ಈ ಅಭ್ಯಾಸ ಮೊದಲ ದಿನವೇ ಶುರುವಾಗಲಿ.

ಹಂತ 5: ಮಂಟಪದಲ್ಲಿ

ಕಡು ಬಣ್ಣದ ಸಾದಾ ಬಟ್ಟೆ, ಸುಲಭವಾಗಿ ಬಿಚ್ಚುವ ಚಪ್ಪಲಿ. ಮಂಟಪಕ್ಕೆ ಬರಿಗಾಲಲ್ಲೇ ಹತ್ತಿ. ಕಳಶ, ರಂಗೋಲಿ, ಅಕ್ಷತೆಯ ತಟ್ಟೆ ತುಳಿಯದಂತೆ ಕಾಲಡಿ ನೋಡಿ. ಮದುಮಗಳ ಕೋಣೆಗೆ ಕೇಳದೆ ಕಾಲಿಡಬೇಡಿ. ವಿಡಿಯೊದವರು ಎಲ್ಲಿ ನಿಲ್ಲುತ್ತಾರೆಂದು ಮೊದಲೇ ಮಾತಾಡಿಕೊಳ್ಳಿ, ಇಲ್ಲವಾದರೆ ಅವರ ವಿಡಿಯೊ ತುಂಬ ನಿಮ್ಮ ಬೆನ್ನೇ.

ಗಟ್ಟಿಮೇಳ ಎದ್ದ ಕೂಡಲೇ ಸಭೆಯೆಲ್ಲ ಮೊಬೈಲ್ ಹಿಡಿದು ಮುಂದೆ ಬರುತ್ತದೆ. ಆಗ ಜಾಗ ಹುಡುಕಿದರೆ ಸಿಗದು, ಐದು ನಿಮಿಷ ಮೊದಲೇ ನಿಂತಿರಿ. "ಅಣ್ಣ, ಒಂಚೂರು ಈ ಕಡೆ ಬನ್ನಿ", "ಅಮ್ಮ, ನೀವು ಇಲ್ಲಿ ಕೂತ್ರೆ ಚೆನ್ನಾಗಿ ಕಾಣುತ್ತೆ" ಎಂದು ಮೆಲ್ಲಗೆ ಹೇಳಿ. ಮದುವೆ ಅವರದು, ಗದರಬೇಡಿ. ಊಟಕ್ಕೆ ಸರದಿಯ ಮೇಲೆ ಹೋಗಿ, ಇಬ್ಬರೂ ಒಟ್ಟಿಗೆ ಮಂಟಪ ಬಿಡುವಂತಿಲ್ಲ.

ಹಂತ 6: ಮುಗಿದ ಮೇಲೆ

ಕಾರ್ಡುಗಳನ್ನು ಎಣಿಸಿ ಮುಖ್ಯ ಫೋಟೊಗ್ರಾಫರ್ ಕೈಗೇ ಕೊಡಿ. ಕಾಪಿ ಎರಡು ಕಡೆ ಆಗಿದೆ ಎಂದು ಅವರು ಹೇಳುವ ತನಕ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡಿ. ಸ್ಟ್ಯಾಂಡು, ವೈರು, ಚಾರ್ಜರ್ ಎಣಿಸಿ ಗಾಡಿಗೆ ತುಂಬಿ. ನಾಲ್ಕು ದಿನ ಬಿಟ್ಟು ಅವರಿಗೆ ಫೋನ್ ಮಾಡಿ ಕೇಳಿ, ನೀವು ತೆಗೆದದ್ದರಲ್ಲಿ ಆಲ್ಬಮ್‌ಗೆ ಯಾವುದು ಆಯ್ಕೆಯಾಯಿತು, ಯಾವುದು ಬಿದ್ದುಹೋಯಿತು, ಏಕೆ ಎಂದು. ಒಪ್ಪಿದ ದಿನಕ್ಕೆ ದುಡ್ಡು ಬರದಿದ್ದರೆ ಅದನ್ನೂ ಸಂಕೋಚವಿಲ್ಲದೆ ಅದೇ ಫೋನಿನಲ್ಲಿ ಕೇಳಿ.